ಲ್ಯಾಪ್‌ಟಾಪ್ ಪರದೆಯ ಬಿಳಿ ಹಳದಿಯಾಗಿ ಕಾಣುತ್ತಿದೆ, ಪ್ಯಾನೆಲ್ ಬದಲಿಸಲೇಬೇಕೆ?

ನೆನಪಿನ_ಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ಮೂರು ದಿನಗಳಿಂದ ಇದೇ ಚಿಂತೆಯಲ್ಲಿದ್ದೇನೆ, ತಿಳಿದವರು ದಾರಿ ತೋರಿಸಿ.

ಅಮ್ಮನ ಟ್ರಂಕಿನಲ್ಲಿದ್ದ ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ, ಕಲೆ, ಗೀರು ತೆಗೆದು, ಬಣ್ಣ ಸರಿಪಡಿಸಿ ಒಂದು ಆಲ್ಬಮ್ ಮಾಡುವ ಕೆಲಸ ಹಿಡಿದಿದ್ದೇನೆ. ಒಟ್ಟು 62 ಫೋಟೋಗಳು. ಎರಡು ತಿಂಗಳು ರಾತ್ರಿ ಹೊತ್ತು ಕುಳಿತು ಮಾಡಿದ ಕೆಲಸ. ಮೊದಲ ಕಂತಿನಲ್ಲಿ 20 ಫೋಟೋ ಮುದ್ರಿಸಿ ತಂದು ಲಕೋಟೆ ಬಿಚ್ಚಿದಾಗ ಎದೆ ಧಸಕ್ಕೆಂದಿತು. ಎಲ್ಲರ ಮುಖವೂ ನೀಲಿಗಟ್ಟಿದೆ. ಅಮ್ಮ ಶಾಲೆಗೆ ಹೋಗುತ್ತಿದ್ದ ಕಾಲದ ಒಂದು ಫೋಟೋ ಇದೆ, ಅದರಲ್ಲಿ ಅವಳ ಅಂಗಿ ನೀಲಿ ಹಾಕಿ ಒಗೆದು ನೀಲಿ ಹೆಚ್ಚಾದ ಬಟ್ಟೆಯ ಹಾಗೆ ಕಾಣುತ್ತಿದೆ.

ಮುದ್ರಿಸಿದವರ ಮೇಲೆ ಸಿಟ್ಟು ಬಂತು. ಆದರೆ ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಒಂದು ಖಾಲಿ ಪುಟ ತೆರೆದು ಪಕ್ಕದಲ್ಲಿ ಮೊಬೈಲ್ ಹಿಡಿದು ನೋಡಿದೆ. ಮೊಬೈಲಿನ ಬಿಳಿ ಬಿಳಿಯಾಗಿದೆ, ಲ್ಯಾಪ್‌ಟಾಪಿನ ಬಿಳಿ ಹಳೆಯ ಪತ್ರಿಕೆಯ ಕಾಗದದಂತಿದೆ! ಇಷ್ಟು ದಿನ ಕಣ್ಣಿಗೆ ಬೀಳಲೇ ಇಲ್ಲ.

ರಿಪೇರಿಯವರ ಬಳಿ ಒಯ್ದೆ. ಎರಡು ನಿಮಿಷ ನೋಡಿ “ಪ್ಯಾನೆಲ್ ಹಳದಿಯಾಗಿದೆ, ಬದಲಿಸಬೇಕು” ಎಂದರು. ವಿಂಡೋಸ್ 11 ಇದೆ. ರಾತ್ರಿ ಪರದೆಯನ್ನು ಹಳದಿ ಮಾಡುವ ನೈಟ್ ಲೈಟ್ ಆಫ್ ಇದೆ, ನಾನೇ ನೋಡಿದ್ದೇನೆ. ಲ್ಯಾಪ್‌ಟಾಪಿಗೆ ಸುಮಾರು ನಾಲ್ಕು ವರ್ಷ. ನಿಜವಾಗಿ ಪ್ಯಾನೆಲ್ ಹೋಗಿದೆಯೇ?

ಮೂರನೇ_ಬೆಂಚು

ನೈಟ್ ಲೈಟ್ ಆಫ್ ಮಾಡಿ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ. ಮುಗಿಯಿತು.

ಇರುಳು_ಓದುಗ

ಆಫ್ ಇದೆ ಎಂದು ಅವರೇ ಬರೆದಿದ್ದಾರಲ್ಲ, ಪೂರ್ತಿ ಓದಿ ಉತ್ತರ ಕೊಡಿ.

ಆದರೂ ಒಂದು ಮಾತು. ಸ್ವಿಚ್ ಆಫ್ ಎಂದು ತೋರಿಸುತ್ತಿದ್ದರೂ ಹಳದಿ ಹಾಗೆಯೇ ಉಳಿದುಬಿಡುವುದುಂಟು, ನನಗೆ ಎರಡು ಸಲ ಆಗಿದೆ. ಒಮ್ಮೆ ಆನ್ ಮಾಡಿ, ತೀವ್ರತೆಯ ಪಟ್ಟಿಯನ್ನು ಆ ತುದಿಯಿಂದ ಈ ತುದಿಗೆ ಎಳೆದು, ಮತ್ತೆ ಆಫ್ ಮಾಡಿ. ಬಳಿಕ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಪರದೆ ಒಂದು ಕ್ಷಣ ಕಪ್ಪಾಗಿ ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ನನ್ನದು ಅಷ್ಟಕ್ಕೇ ಸರಿಹೋಗಿತ್ತು.

ಸುಮ್ಮನೆ_ಬಂದೆ

ಸರ್, ಸುಲಭದ ಪರೀಕ್ಷೆ ಹೇಳುತ್ತೇನೆ. ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿ ನೋಡಿ. ಅಲ್ಲಿ ಬಿಳಿಯಾಗಿ ಕಂಡರೆ ಪ್ಯಾನೆಲ್ ಹೋಗಿದೆ ಎಂದೇ ಅರ್ಥ. ಹಳದಿಯಾಗಿ ಕಂಡರೆ ತಂತ್ರಾಂಶದ ತೊಂದರೆ.

ತಂತಿ_ಬೆಸುಗೆ

ಇದು ತಪ್ಪು. ಈ ತಪ್ಪು ಪರೀಕ್ಷೆಯನ್ನು ನಂಬಿ ಒಳ್ಳೆಯ ಪ್ಯಾನೆಲ್ ಕಿತ್ತು ಎಸೆದವರನ್ನು ನೋಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ನಾನು ಲ್ಯಾಪ್‌ಟಾಪ್ ರಿಪೇರಿ ಮಾಡುವವನು.

ಸ್ಕ್ರೀನ್‌ಶಾಟ್ ಎಂದರೆ ಗ್ರಾಫಿಕ್ಸ್ ಸ್ಮರಣೆಯಲ್ಲಿ ಸಿದ್ಧವಾಗಿರುವ ಚಿತ್ರದ ನಕಲು. ನೈಟ್ ಲೈಟ್ ಆಗಲಿ, ಬಣ್ಣದ ಪ್ರೊಫೈಲಿನ (ಪರದೆಯ ಬಣ್ಣವನ್ನು ಹೇಗೆ ತಿದ್ದಬೇಕೆಂದು ಹೇಳುವ ಕಡತ) ತಿದ್ದುಪಡಿಯಾಗಲಿ ಆ ಚಿತ್ರವನ್ನು ಮುಟ್ಟುವುದಿಲ್ಲ. ಚಿತ್ರ ಅಲ್ಲಿಂದ ಹೊರಟು ಪರದೆಗೆ ಹೋಗುವ ದಾರಿಯಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದು ಕೋಷ್ಟಕ ಇರುತ್ತದೆ. “ನೀಲಿ 255 ಬಂದರೆ 200 ಮಾಡಿ ಕಳಿಸು” ಎಂಬಂಥ ಲೆಕ್ಕ ಅದರಲ್ಲಿ ಇರುತ್ತದೆ. ಹಳದಿ ಹುಟ್ಟುವುದು ಅಲ್ಲಿ. ಹಾಗಾಗಿ ನೈಟ್ ಲೈಟ್ ಪೂರ್ತಿ ಹಾಕಿಕೊಂಡು ಸ್ಕ್ರೀನ್‌ಶಾಟ್ ತೆಗೆದರೂ ಮೊಬೈಲಿನಲ್ಲಿ ಅದು ಬಿಳಿಯಾಗಿಯೇ ಕಾಣುತ್ತದೆ. ನೀವೇ ಮಾಡಿ ನೋಡಿ.

ಸರಿಯಾದ ಪರೀಕ್ಷೆ ಬಯೋಸ್. ಯಂತ್ರ ಆನ್ ಆಗುವಾಗ ಎಫ್2 ಅಥವಾ ಡಿಲೀಟ್ ಒತ್ತಿದರೆ ಬರುವ ಪರದೆ (ಕೆಲವು ಮಾದರಿಗಳಲ್ಲಿ ಬೇರೆ ಕೀಲಿ). ಆ ಹೊತ್ತಿಗೆ ವಿಂಡೋಸ್ ಇನ್ನೂ ಎದ್ದಿರುವುದಿಲ್ಲ, ನೈಟ್ ಲೈಟ್ ಇಲ್ಲ, ಪ್ರೊಫೈಲ್ ಇಲ್ಲ. ಅಲ್ಲಿನ ಬಿಳಿ ಅಕ್ಷರಗಳೂ ಹಳದಿಯಾಗಿದ್ದರೆ ಪ್ಯಾನೆಲಿನ ಮೇಲೆ ಅನುಮಾನ ಪಡಿ. ಅಲ್ಲಿ ಬಿಳಿಯಾಗಿದ್ದು ವಿಂಡೋಸಿನಲ್ಲಿ ಹಳದಿಯಾದರೆ ಪ್ಯಾನೆಲಿನದು ಏನೂ ತಪ್ಪಿಲ್ಲ.

ಸುಮ್ಮನೆ_ಬಂದೆ

ನೈಟ್ ಲೈಟ್ ಹಾಕಿ ಈಗಷ್ಟೇ ಮಾಡಿ ನೋಡಿದೆ. ನೀವು ಹೇಳಿದ್ದು ಸರಿ, ಮೊಬೈಲಿನಲ್ಲಿ ಬಿಳಿಯಾಗಿಯೇ ಬಂತು. ನಾಲ್ಕೈದು ಜನರಿಗೆ ಈ ಪರೀಕ್ಷೆ ಹೇಳಿಕೊಟ್ಟಿದ್ದೆ, ಅವರಿಗೆಲ್ಲ ಇವತ್ತೇ ತಿಳಿಸುತ್ತೇನೆ.

ಪೆಂಗ್ವಿನ್_ಪ್ರಿಯ

ಬಯೋಸ್‌ನಲ್ಲಿ ಬಿಳಿ ಹಿನ್ನೆಲೆ ಸಿಗುವುದು ಕಷ್ಟ. ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ ಒಂದು ಬಿಳಿ ಪುಟ ತೆರೆದು ನೋಡಿದರೆ ಇನ್ನೂ ಸ್ಪಷ್ಟ.

ತಂತಿ_ಬೆಸುಗೆ

ಒಳ್ಳೆಯ ಸಲಹೆ, ಆದರೆ ಅದರಲ್ಲೂ ಒಂದು ತೊಡಕು ಇದೆ. ಗ್ನೋಮ್ ಎಂಬ ಡೆಸ್ಕ್‌ಟಾಪ್ ಇರುವ ಲಿನಕ್ಸ್‌ಗಳು ಪ್ಯಾನೆಲ್ ತನ್ನ ಬಗ್ಗೆ ಹೇಳಿಕೊಳ್ಳುವ ಮಾಹಿತಿಯಿಂದ ತಾವೇ ಒಂದು ಬಣ್ಣದ ಪ್ರೊಫೈಲ್ ಮಾಡಿಕೊಳ್ಳುತ್ತವೆ. ಆ ಮಾಹಿತಿಯೇ ತಪ್ಪಿದ್ದರೆ ಬಣ್ಣ ಓರೆಯಾಗುತ್ತದೆ. ಸೆಟ್ಟಿಂಗ್ಸ್‌ನ ಕಲರ್ ವಿಭಾಗದಲ್ಲಿ ಅದನ್ನು ಆಫ್ ಮಾಡಿ ನೋಡಬೇಕು.

ಪೆಂಗ್ವಿನ್_ಪ್ರಿಯ

ಒಪ್ಪಿದೆ. ನನ್ನ ಯಂತ್ರದಲ್ಲೂ ಹಾಗೇ ಆಗಿ ಆ ಪ್ರೊಫೈಲ್ ಆಫ್ ಮಾಡಿಯೇ ಇಟ್ಟಿದ್ದೇನೆ, ಈಗ ನೆನಪಾಯಿತು.

ಹೊಸಬ_7

ಎಚ್‌ಡಿಎಂಐ ಕೇಬಲ್ ಹಾಕಿ ಬೇರೆ ಮಾನಿಟರ್‌ಗೆ ಜೋಡಿಸಿ ನೋಡಬಹುದಲ್ಲವೇ? ಅದು ಬಿಳಿಯಾಗಿದ್ದರೆ ಲ್ಯಾಪ್‌ಟಾಪಿನ ಪ್ಯಾನೆಲೇ ಕಾರಣ ಎಂದಾಯಿತು.

ಬಣ್ಣದ_ಲೆಕ್ಕ

ಆಗಲಿಲ್ಲ. ಪ್ರೊಫೈಲ್ ಇರುವುದು ಪ್ರತಿ ಪರದೆಗೆ ಬೇರೆ ಬೇರೆ. ಲ್ಯಾಪ್‌ಟಾಪಿನ ಪರದೆಗೆ ಹಾಳು ಪ್ರೊಫೈಲ್ ಅಂಟಿಕೊಂಡಿದ್ದರೂ ಹೊರಗಿನ ಮಾನಿಟರ್ ತನ್ನಷ್ಟಕ್ಕೆ ಬಿಳಿಯಾಗಿಯೇ ಇರುತ್ತದೆ. ಎರಡೂ ಹಳದಿಯಾಗಿದ್ದರೆ ಮಾತ್ರ ಆ ಪರೀಕ್ಷೆಯಿಂದ ಏನಾದರೂ ತಿಳಿಯುತ್ತದೆ, ತಂತ್ರಾಂಶದ ಕಡೆ ನೋಡಬೇಕು ಎಂದು.

ಮತ್ತೊಂದು ವಿಷಯ. ಮೊಬೈಲನ್ನು ಪಕ್ಕದಲ್ಲಿ ಹಿಡಿದು “ಇದು ಬಿಳಿ, ಅದು ಹಳದಿ” ಎಂದು ತೀರ್ಪು ಕೊಡಬೇಡಿ. ಬಹಳಷ್ಟು ಮೊಬೈಲ್‌ಗಳನ್ನು ಕಣ್ಣು ಕುಕ್ಕಲೆಂದು ನೀಲಿ ಕಡೆಗೆ ಜಗ್ಗಿಯೇ ಮಾರುತ್ತಾರೆ. ಬಿಳಿಗೂ ಒಂದು ಅಳತೆ ಇದೆ, ಕೆಲ್ವಿನ್. ಅಂಕಿ ಇಳಿದಷ್ಟೂ ಹಳದಿ, ಏರಿದಷ್ಟೂ ನೀಲಿ. ಹಳೆಯ ಟಂಗ್‌ಸ್ಟನ್ ಬಲ್ಬ್ ಸುಮಾರು 2,700. ಪರದೆಗಳಿಗೆ ಒಪ್ಪಿತವಾದ ಬಿಳಿ ಡಿ65, ಅಂದರೆ ಸುಮಾರು 6,500. ಎಸ್‌ಆರ್‌ಜಿಬಿ ಎಂಬ ಬಣ್ಣದ ಮಾನದಂಡ ನಿಂತಿರುವುದು ಇದರ ಮೇಲೆ. ಹಿಂದಿನ ಕಾಲದ ದಪ್ಪ ಮಾನಿಟರ್‌ಗಳು 9,300ಕ್ಕೆ ಹೊಂದಿಸಿಕೊಂಡೇ ಬರುತ್ತಿದ್ದವು. ಅದಕ್ಕೆ ಒಗ್ಗಿದ ಕಣ್ಣಿಗೆ 6,500 ಹಳದಿಯಾಗಿಯೇ ಕಾಣುತ್ತದೆ. ಯಾವುದು ಸರಿ ಎಂದು ಕಣ್ಣು ಹೇಳಲಾರದು.

ಇರುಳು_ಓದುಗ

ಅಂದರೆ ಅವರ ಪರದೆ ಸರಿಯಾಗಿಯೇ ಇದೆ, ಮೊಬೈಲ್ ತಪ್ಪು ಎನ್ನುತ್ತೀರಾ? ಮುದ್ರಿಸಿದ ಫೋಟೋ ನೀಲಿಯಾಗಿ ಬಂದಿದೆಯಲ್ಲ, ಅದಕ್ಕೇನು ಹೇಳುತ್ತೀರಿ?

ಬಣ್ಣದ_ಲೆಕ್ಕ

ಸರಿ ಇದೆ ಎಂದು ನಾನು ಹೇಳಿಲ್ಲ. ಮೊಬೈಲ್ ಸಾಕ್ಷಿಯಾಗದು ಎಂದೆ. ಮುದ್ರಿತ ಫೋಟೋ ಒಳ್ಳೆಯ ಸಾಕ್ಷಿ. ಪರದೆ ಹಳದಿಯಾಗಿದ್ದರೆ ಅದರ ಮುಂದೆ ಕುಳಿತವರು ಗೊತ್ತಿಲ್ಲದೆಯೇ ಫೋಟೋಕ್ಕೆ ನೀಲಿ ಸೇರಿಸುತ್ತಾ ಹೋಗುತ್ತಾರೆ, ಬಿಳಿ ಅಂಗಿ ಬಿಳಿಯಾಗಿ ಕಾಣುವ ತನಕ. ಆ ನೀಲಿ ಕಡತದೊಳಗೆ ಉಳಿಯುತ್ತದೆ. ಮುದ್ರಣ ಯಂತ್ರಕ್ಕೆ ನಿಮ್ಮ ಪರದೆಯ ಹಳದಿ ಗೊತ್ತಿಲ್ಲ, ಕಡತದಲ್ಲಿರುವ ನೀಲಿ ಮಾತ್ರ ಗೊತ್ತು. ಮುದ್ರಿಸಿದವರ ಮೇಲಿನ ಸಿಟ್ಟನ್ನು ದಯವಿಟ್ಟು ಬಿಡಿ.

ಕನ್ನಡಕಧಾರಿ

ಪರದೆಯ ಮೇಲೆ ಫಿಲ್ಮ್ ಅಂಟಿಸಿದ್ದೀರಾ ನೋಡಿ ಸರ್. ನೀಲಿ ಬೆಳಕು ತಡೆಯುತ್ತದೆ ಎಂದು ಮಾರುವ ಪಾರದರ್ಶಕ ಹಾಳೆಗಳಲ್ಲಿ ತಿಳಿ ಹಳದಿ ಇರುತ್ತದೆ. ನೀಲಿಯನ್ನು ತಡೆದರೆ ಉಳಿಯುವುದು ಕೆಂಪು ಮತ್ತು ಹಸಿರು, ಎರಡೂ ಸೇರಿದರೆ ಹಳದಿಯೇ ತಾನೆ. ನನ್ನ ಮಗಳ ಲ್ಯಾಪ್‌ಟಾಪಿನಲ್ಲಿ ಹಾಳೆ ಎಷ್ಟು ನೀಟಾಗಿ ಕೂತಿತ್ತೆಂದರೆ ಮೂಲೆಯಲ್ಲಿ ಉಗುರು ಹಾಕಿ ಎಬ್ಬಿಸುವವರೆಗೂ ಅದು ಇದೆ ಎಂದೇ ತಿಳಿಯಲಿಲ್ಲ.

ನೆನಪಿನ_ಪೆಟ್ಟಿಗೆ

ಎಲ್ಲರಿಗೂ ಧನ್ಯವಾದ. ನಾನು ಸರ್ ಅಲ್ಲ, ಮೇಡಂ. ಅಕ್ಕ ಎಂದರೂ ಸರಿ.

ಫಿಲ್ಮ್ ಇಲ್ಲ, ನಾಲ್ಕೂ ಮೂಲೆಯಲ್ಲಿ ಉಗುರು ಹಾಕಿ ನೋಡಿದೆ. ನಾಲ್ಕು ಕೀಲಿ ಒತ್ತಿದೆ. ಪರದೆ ಕಪ್ಪಾಗಿ ಬಂದಾಗ ಒಂದು ಕ್ಷಣ ಬೆಳ್ಳಗೆ ಕಂಡಂತಾಯಿತು, ಮತ್ತೆ ಹಳದಿ. ಅದು ನನ್ನ ಭ್ರಮೆಯೋ ಏನೋ ತಿಳಿಯದು. ಬಯೋಸ್ ಪರದೆಯ ಅಕ್ಷರಗಳು ಬಿಳಿಯಾಗಿವೆ ಅನ್ನಿಸಿತು, ಆದರೆ ಅಕ್ಷರ ಸಣ್ಣವು, ಹಿನ್ನೆಲೆ ಕಪ್ಪು, ಖಾತ್ರಿಯಾಗಿ ಹೇಳಲಾರೆ. ಎರಡರದ್ದೂ ಮೊಬೈಲಿನಲ್ಲಿ ಫೋಟೋ ತೆಗೆದು ಹೋಲಿಸಿದೆ, ಎರಡೂ ಒಂದೇ ಥರ ಕಾಣುತ್ತಿವೆ.

ತಂತಿ_ಬೆಸುಗೆ

ಅಕ್ಕ, ಮೊಬೈಲ್ ಕ್ಯಾಮೆರಾ ನಂಬಬೇಡಿ. ಎದುರಿಗೆ ಹಳದಿ ಕಂಡರೆ ಅದೇ ಅದನ್ನು ಬಿಳಿ ಮಾಡಿಕೊಂಡುಬಿಡುತ್ತದೆ. ಹೀಗೆ ಮಾಡಿ: ಹಗಲು ಹೊತ್ತಿನಲ್ಲಿ ಕಿಟಕಿಯ ಪಕ್ಕ ಕುಳಿತು, ಒಂದು ಬಿಳಿ ಹಾಳೆಯನ್ನು ಪರದೆಯ ಅಂಚಿಗೆ ಒರಗಿಸಿ ನಿಲ್ಲಿಸಿ. ಹಾಳೆ ಮತ್ತು ಪರದೆ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ವಿಡಿಯೋ ಹಾಕಿ, ಈಗ ಯಂತ್ರವನ್ನು ಮರುಪ್ರಾರಂಭಿಸಿ. ಲೋಗೋ ಬರುವುದರಿಂದ ಹಿಡಿದು ಲಾಗಿನ್ ಆಗಿ ಡೆಸ್ಕ್‌ಟಾಪ್ ಬಂದು ಒಂದು ನಿಮಿಷ ಕಳೆಯುವ ತನಕ ವಿಡಿಯೋ ನಿಲ್ಲಿಸಬೇಡಿ. ಡೆಸ್ಕ್‌ಟಾಪಿಗೆ ಮತ್ತು ಲಾಕ್ ಪರದೆಗೆ ಮೊದಲೇ ಬಿಳಿ ಚಿತ್ರ ಹಾಕಿಡಿ.

ನೀವು ಹೇಳಿದ ಆ “ಒಂದು ಕ್ಷಣ ಬೆಳ್ಳಗೆ” ಭ್ರಮೆಯಲ್ಲ ಎಂದು ನನ್ನ ಅಂದಾಜು.

ಹೊಸಬ_7

ಹಳೆಯ ಪ್ರೊಜೆಕ್ಟರ್ ಒಂದು ಹೀಗೇ ಹಳದಿಯಾಗಿತ್ತು, ವಿಜಿಎ ಎಂಬ ಹಳೆಯ ಬಗೆಯ ಕೇಬಲಿನ ಒಂದು ಪಿನ್ ಬಾಗಿತ್ತು ಅಷ್ಟೇ. ಲ್ಯಾಪ್‌ಟಾಪಿನ ಒಳಗೂ ಕೇಬಲ್ ಸಡಿಲವಾಗಿದ್ದರೆ?

ತಂತಿ_ಬೆಸುಗೆ

ವಿಜಿಎದಲ್ಲಿ ಕೆಂಪು, ಹಸಿರು, ನೀಲಿಗೆ ಒಂದು, ಎರಡು, ಮೂರನೇ ಪಿನ್‌ಗಳು ಪ್ರತ್ಯೇಕವಾಗಿವೆ. ಮೂರನೆಯದು ಕೈಕೊಟ್ಟರೆ ನೀಲಿ ಹೋಗಿ ಇಡೀ ಚಿತ್ರ ಹಳದಿ. ನೀವು ಕಂಡದ್ದು ಅದೇ. ಈಗಿನ ಲ್ಯಾಪ್‌ಟಾಪ್ ಪ್ಯಾನೆಲ್‌ಗಳ ಇಡಿಪಿ ಎಂಬ ಒಳ ಕೇಬಲಿನಲ್ಲಿ ಬಣ್ಣಗಳು ಬೇರೆ ಬೇರೆ ತಂತಿಯಲ್ಲಿ ಹೋಗುವುದಿಲ್ಲ, ಅಂಕಿಗಳಾಗಿ ಬೆರೆತು ಹೋಗುತ್ತವೆ. ಕೇಬಲ್ ಸಡಿಲವಾದರೆ ಮಿನುಗು, ಗೆರೆ, ಕತ್ತಲೆ ಬರುತ್ತದೆ. ಸಮನಾದ ತಿಳಿ ಹಳದಿ ಬರುವುದು ಅಪರೂಪ. ಮುಚ್ಚಳ ಹಿಂದೆ ಮುಂದೆ ಮಾಡಿದಾಗ ಬಣ್ಣ ಬದಲಾದರೆ ಮಾತ್ರ ಆ ಕಡೆ ನೋಡಿ.

ಮೂರನೇ_ಬೆಂಚು

ಹಳದಿ ಇದ್ದರೆ ಇರಲಿ ಬಿಡಿ, ಕಣ್ಣಿಗೆ ಒಳ್ಳೆಯದು. ನೀಲಿ ಬೆಳಕು ಕಣ್ಣನ್ನು ಸುಡುತ್ತದೆ.

ಕನ್ನಡಕಧಾರಿ

ಪರದೆಯ ನೀಲಿ ಬೆಳಕು ಕಣ್ಣು ಸುಡುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಅಮೆರಿಕದ ನೇತ್ರತಜ್ಞರ ಅಕಾಡೆಮಿ ಕಂಪ್ಯೂಟರ್ ಬಳಕೆಗೆಂದು ನೀಲಿ ತಡೆಯುವ ಕನ್ನಡಕವನ್ನು ಶಿಫಾರಸು ಮಾಡುವುದಿಲ್ಲ. ಕಣ್ಣು ಉರಿಯುವುದು ರೆಪ್ಪೆ ಮಿಟುಕಿಸುವುದನ್ನು ಮರೆತು ನೋಡುತ್ತಾ ಕೂರುವುದರಿಂದ.

ಇರುಳು_ಓದುಗ

ನಿದ್ರೆಯ ಮಾತು ಬೇರೆ. ರೆಟಿನಾದಲ್ಲಿ ಮೆಲನೊಪ್ಸಿನ್ ಎಂಬ ವರ್ಣಕ ಇರುವ ಕೋಶಗಳಿವೆ, ಅವು ಸುಮಾರು 480 ನ್ಯಾನೊಮೀಟರಿನ ನೀಲಿಗೆ ಹೆಚ್ಚು ಸ್ಪಂದಿಸುತ್ತವೆ. ರಾತ್ರಿ ಆ ಬೆಳಕು ಬಿದ್ದರೆ “ಇನ್ನೂ ಹಗಲು” ಎಂದು ದೇಹಕ್ಕೆ ಸುದ್ದಿ ಹೋಗುತ್ತದೆ. ನಾನು ರಾತ್ರಿ ಹನ್ನೊಂದರ ತನಕ ಓದುವವನು, ನೈಟ್ ಲೈಟ್ ಇಲ್ಲದೆ ಕುಳಿತರೆ ನಿದ್ದೆ ಹತ್ತಿರ ಸುಳಿಯುವುದಿಲ್ಲ.

ಕನ್ನಡಕಧಾರಿ

ಅದಕ್ಕೆ ಪರದೆಯ ಬೆಳಕನ್ನೇ ತಗ್ಗಿಸಿದರೆ ಇನ್ನೂ ಒಳ್ಳೆಯದು. ಬಣ್ಣ ಬದಲಿಸಿ, ಬೆಳಕು ಮಾತ್ರ ಪೂರ್ತಿ ಇಟ್ಟುಕೊಂಡರೆ ಏನು ಬಂತು?

ಕಣ್ಣಿನ ವಿಷಯ ಬಂದದ್ದರಿಂದ ಹೇಳುತ್ತೇನೆ. “ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ” ಎನ್ನುತ್ತಾರಲ್ಲ, ನನ್ನ ತಂದೆಗೆ ಪೊರೆಯ ಶಸ್ತ್ರಚಿಕಿತ್ಸೆ ಆದಾಗ ಆ ಮಾತು ನೆನಪಾಗಿತ್ತು. ಮೊದಲು ಬಲಗಣ್ಣಿಗೆ ಮಾತ್ರ ಆಗಿತ್ತು. ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಬಂದು ಹಾಸಿಗೆಯ ಮೇಲೆ ಕುಳಿತು ಒಂದು ಕಣ್ಣು ಮುಚ್ಚುವುದು, ಇನ್ನೊಂದು ಮುಚ್ಚುವುದು, ಎದುರಿನ ಗೋಡೆ ನೋಡುವುದು, ಇದನ್ನೇ ಮಾಡುತ್ತಿದ್ದರು. “ಬಲಗಣ್ಣಿನಲ್ಲಿ ಗೋಡೆ ಸುಣ್ಣ ಬಳಿದ ಹಾಗಿದೆ, ಎಡಗಣ್ಣಿನಲ್ಲಿ ಹೊಗೆ ಹಿಡಿದ ಹಾಗಿದೆ, ಹತ್ತು ವರ್ಷದಿಂದ ಗೋಡೆ ಬಿಳಿ ಎಂದೇ ನಂಬಿದ್ದೆನಲ್ಲ” ಎಂದರು. ವಯಸ್ಸಾದಂತೆ ಕಣ್ಣಿನ ಮಸೂರವೇ ಹಳದಿಯಾಗುತ್ತದೆ, ನಿಧಾನವಾಗಿ ಆಗುವುದರಿಂದ ಮಿದುಳು ಅದನ್ನು ಸರಿದೂಗಿಸಿಬಿಡುತ್ತದೆ. ಚಿತ್ರಕಾರ ಮೋನೆಗೂ ಇದೇ ಆಗಿತ್ತು, 1923ರಲ್ಲಿ ಪೊರೆ ತೆಗೆಸಿಕೊಂಡರು. ಅಕ್ಕನಿಗೆ ಎರಡು ತಿಂಗಳು ಹಳದಿ ಕಣ್ಣಿಗೆ ಬೀಳಲಿಲ್ಲ ಎನ್ನುವುದರಲ್ಲಿ ನನಗೇನೂ ಆಶ್ಚರ್ಯವಿಲ್ಲ.

ಸುಮ್ಮನೆ_ಬಂದೆ

ತಂದೆಯವರ ಎಡಗಣ್ಣಿಗೂ ಆಯಿತೇ?

ಕನ್ನಡಕಧಾರಿ

ಆಯಿತು, ಈಗ ಚೆನ್ನಾಗಿದ್ದಾರೆ. ಮನೆಯ ಗೋಡೆಗೆಲ್ಲ ಹೊಸದಾಗಿ ಬಣ್ಣ ಹೊಡೆಸಿದರು.

ನೆನಪಿನ_ಪೆಟ್ಟಿಗೆ

ವಿಡಿಯೋ ಮಾಡಿದೆ! ಮೂರು ಸಲ ಮಾಡಿದೆ, ಮೂರೂ ಸಲ ಒಂದೇ ರೀತಿ.

ಲಾಕ್ ಪರದೆ ಬಂದಾಗ ಹಾಳೆ ಮತ್ತು ಪರದೆ ಒಂದೇ ಬಿಳಿ. ಪಾಸ್‌ವರ್ಡ್ ಹಾಕಿ ಡೆಸ್ಕ್‌ಟಾಪ್ ಬಂದಾಗಲೂ ಬಿಳಿ. ಸುಮಾರು ನಾಲ್ಕು ಸೆಕೆಂಡಿನ ನಂತರ, ಗಡಿಯಾರದ ಪಕ್ಕದಲ್ಲಿ ಒಂದು ಪುಟ್ಟ ಐಕಾನ್ ಮೂಡಿದ ಕೂಡಲೇ, ಇಡೀ ಪರದೆ ತಟ್ಟನೆ ಹಳದಿಗೆ ತಿರುಗುತ್ತದೆ. ಹಾಳೆ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ನಿಧಾನವಾಗಿ ನಡೆಸಿ ನೋಡಿದರೆ ಯಾರೋ ತೆಳುವಾದ ಪರದೆ ಎಳೆದ ಹಾಗಿದೆ. ದಿನಾ ನನ್ನ ಕಣ್ಣೆದುರೇ ಆಗುತ್ತಿತ್ತು ಇದು!

ಬಣ್ಣದ_ಲೆಕ್ಕ

ಅಕ್ಕ, ಒಂದು ಪ್ರಶ್ನೆ. ಈ ಲ್ಯಾಪ್‌ಟಾಪ್ ಮೊದಲು ಯಾರ ಬಳಿ ಇತ್ತು?

ನೆನಪಿನ_ಪೆಟ್ಟಿಗೆ

ಅದನ್ನು ಹೇಳಬೇಕೆಂದು ಹೊಳೆಯಲೇ ಇಲ್ಲ. ಹೊಸತಲ್ಲ. ಪರಿಚಿತರೊಬ್ಬರು ಹೊಸದು ಕೊಂಡಾಗ ಇದನ್ನು ನನಗೆ ಕೊಟ್ಟರು. ನಾನು ನನ್ನ ಹೆಸರಿನಲ್ಲಿ ಹೊಸ ಖಾತೆ ಮಾಡಿಕೊಂಡು ಅವರದ್ದನ್ನು ಅಳಿಸಿದೆ, ವಿಂಡೋಸ್ ಹೊಸದಾಗಿ ಹಾಕಲಿಲ್ಲ. ಅವರು ಪುಸ್ತಕಗಳ ಪುಟವಿನ್ಯಾಸ ಮಾಡುವವರು.

ಬಣ್ಣದ_ಲೆಕ್ಕ

ಸಿಕ್ಕಿತು. ನಾನೂ ಮುದ್ರಣದ ಕೆಲಸದಲ್ಲಿರುವವನು, ಅದಕ್ಕೇ ಕೇಳಿದೆ.

ಮುದ್ರಿತ ಹಾಳೆಯನ್ನು ಪರಿಶೀಲಿಸುವ ಬೆಳಕಿಗೆ ನಮ್ಮಲ್ಲಿ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ, ಐಎಸ್‌ಒ 3664. ಅದು ಹೇಳುವ ಬಿಳಿ ಡಿ50, ಸುಮಾರು 5,000 ಕೆಲ್ವಿನ್. ಪರದೆಯ ಪುಟ ಮತ್ತು ಆ ಬೆಳಕಿನ ಕೆಳಗಿನ ಮುದ್ರಿತ ಪುಟ ಒಂದೇ ರೀತಿ ಕಾಣಲೆಂದು ಹಲವರು ಪರದೆಯನ್ನೂ 5,000ಕ್ಕೆ ಹೊಂದಿಸಿಕೊಳ್ಳುತ್ತಾರೆ. ಅಳೆಯುವ ಉಪಕರಣವನ್ನು ಪರದೆಯ ಮೇಲೆ ಇಟ್ಟು, ನೂರಾರು ಬಣ್ಣದ ಚೌಕಗಳನ್ನು ಓದಿಸಿ, ಐಸಿಸಿ ಎಂಬ ಮಾದರಿಯ ಬಣ್ಣದ ಪ್ರೊಫೈಲ್ ಮಾಡಿ, ಪ್ರತಿ ಸಲ ಯಂತ್ರ ಎದ್ದಾಗ ಅದನ್ನು ಹಾಕುವ ಒಂದು ಪುಟ್ಟ ತಂತ್ರಾಂಶ ಇಟ್ಟಿರುತ್ತಾರೆ. ನಿಮ್ಮ ಗಡಿಯಾರದ ಪಕ್ಕದ ಐಕಾನ್ ಅದೇ. ಇಡೀ ಯಂತ್ರಕ್ಕೆಂದು ಹಾಕಿದ್ದರೆ ಖಾತೆ ಅಳಿಸಿದರೂ ಹೋಗುವುದಿಲ್ಲ.

ಅದನ್ನು ತೆಗೆಯಬೇಡಿ ಎಂಬುದು ನನ್ನ ಸಲಹೆ. ನೀವೂ ಮುದ್ರಿಸುವವರೇ ಅಲ್ಲವೇ, ಅದು ಮುದ್ರಣಕ್ಕೆಂದೇ ಮಾಡಿದ ಹೊಂದಾಣಿಕೆ.

ತಂತಿ_ಬೆಸುಗೆ

ಇದನ್ನು ನಾನು ಒಪ್ಪುವುದಿಲ್ಲ. ಮೂರು ಕಾರಣ. ಆ ಅಳತೆ ಮಾಡಿ ವರ್ಷಗಳೇ ಆಗಿರಬೇಕು, ಅಷ್ಟರಲ್ಲಿ ಪರದೆಯ ಹಿಂದಿನ ದೀಪದ (ಬ್ಯಾಕ್‌ಲೈಟ್) ಬಣ್ಣ ಬದಲಾಗಿರುತ್ತದೆ. ಬಿಳಿ ಎಲ್‌ಇಡಿ ಎಂದರೆ ನೀಲಿ ಎಲ್‌ಇಡಿಯ ಮೇಲೆ ಹಳದಿ ಫಾಸ್ಫರ್ ಬಳಿದದ್ದು, ಕಾಲ ಕಳೆದಂತೆ ಅವೆರಡರ ಪ್ರಮಾಣ ಹಾಗೆಯೇ ಉಳಿಯುವುದಿಲ್ಲ. ಎರಡನೆಯದು, 5,000ದ ಪರದೆಗೆ 5,000ದ ಕೋಣೆ ಬೇಕು. ಅವರು ರಾತ್ರಿ ಮನೆಯ ದೀಪದಲ್ಲಿ, ಹಗಲು ಕಿಟಕಿಯ ಬೆಳಕಿನಲ್ಲಿ ಕೂರುತ್ತಾರೆ. ಮೂರನೆಯದು, ಫಲ ಕೈಯಲ್ಲೇ ಇದೆ: 20 ನೀಲಿ ಫೋಟೋಗಳು.

ಬಣ್ಣದ_ಲೆಕ್ಕ

ನೀಲಿ ಬಂದದ್ದು ಅವರು ಕಣ್ಣಳತೆಯಲ್ಲಿ ತಿದ್ದಿದ್ದರಿಂದ. ಪ್ರೊಫೈಲ್ ಕೆಟ್ಟದ್ದು ಎಂದು ಅದರಿಂದ ಸಾಬೀತಾಗುವುದಿಲ್ಲ.

ತಂತಿ_ಬೆಸುಗೆ

ಕಣ್ಣಳತೆಯಲ್ಲಿ ತಿದ್ದುವವರಿಗೆ ಈ ಪ್ರೊಫೈಲ್ ಸಲ್ಲದು ಎಂದೇ ನಾನೂ ಹೇಳುತ್ತಿರುವುದು.

ಬಣ್ಣದ_ಲೆಕ್ಕ

ಸರಿ, ಅವರ ಕೋಣೆಯ ಬೆಳಕನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಳೆಯ ಅಳತೆ ಎಂಬ ಮಾತೂ ನಿಜ. ಅಕ್ಕ, ತೆಗೆಯಿರಿ. ಆದರೆ ಪ್ರೊಫೈಲ್ ಕಡತವನ್ನು ಅಳಿಸಬೇಡಿ, ಬೇರೆ ಕಡೆ ನಕಲು ಇಟ್ಟುಕೊಳ್ಳಿ.

ಹುಡುಕುವ ಜಾಗದಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಎಂದು ಬರೆದು ತೆರೆಯಿರಿ. ಡಿವೈಸಸ್ ಎಂಬಲ್ಲಿ ನಿಮ್ಮ ಪರದೆಯನ್ನು ಆರಿಸಿ, ಈ ಸಾಧನಕ್ಕೆ ನನ್ನ ಸೆಟ್ಟಿಂಗ್ಸ್ ಬಳಸು ಎಂಬ ಪೆಟ್ಟಿಗೆಗೆ ಗುರುತು ಹಾಕಿ. ಕೆಳಗೆ ಪ್ರೊಫೈಲ್‌ಗಳ ಪಟ್ಟಿ ಕಾಣುತ್ತದೆ. ಆಡ್ ಒತ್ತಿ ಎಸ್‌ಆರ್‌ಜಿಬಿ ಐಇಸಿ61966-2.1 ಸೇರಿಸಿ, ಅದನ್ನು ಡೀಫಾಲ್ಟ್ ಮಾಡಿ. ಹಳೆಯದನ್ನು ಪಟ್ಟಿಯಿಂದ ಬಿಡಿಸಿ. ಅಡ್ವಾನ್ಸ್‌ಡ್ ಎಂಬಲ್ಲಿ ಸಿಸ್ಟಮ್ ಡೀಫಾಲ್ಟ್ಸ್ ಬದಲಿಸುವ ಗುಂಡಿ ಇದೆ, ಅಲ್ಲೂ ಇದನ್ನೇ ಮತ್ತೊಮ್ಮೆ ಮಾಡಿ, ಇಲ್ಲವಾದರೆ ನಾಳೆ ಅದು ಮರಳಿ ಬಂದೀತು. ಕೊನೆಗೆ ಆ ಐಕಾನಿನ ತಂತ್ರಾಂಶವನ್ನು ಆ್ಯಪ್‌ಗಳ ಪಟ್ಟಿಯಿಂದ ತೆಗೆದು ಯಂತ್ರ ಮರುಪ್ರಾರಂಭಿಸಿ.

ಹೊಸಬ_7

ನನ್ನ ಯಂತ್ರದಲ್ಲಿ ಫೋಟೋ ತೆರೆದಾಗ ಮಾತ್ರ ಬಿಳಿ ಹಳದಿಯಾಗುತ್ತದೆ, ಬ್ರೌಸರಿನಲ್ಲಿ ಸರಿ ಇದೆ. ಇದೂ ಅದೇನಾ?

ಬಣ್ಣದ_ಲೆಕ್ಕ

ಅದೇ. ಫೋಟೋ ನೋಡುವ ಕೆಲವು ತಂತ್ರಾಂಶಗಳು ಮಾತ್ರ ಪ್ರೊಫೈಲನ್ನು ಓದಿ ಬಣ್ಣ ಬದಲಿಸುತ್ತವೆ. ಪ್ರೊಫೈಲ್ ಕೆಟ್ಟಿದ್ದರೆ ಅಲ್ಲಿ ಮಾತ್ರ ಹಳದಿ. ಮೇಲೆ ಬರೆದದ್ದನ್ನೇ ಮಾಡಿ.

ಇರುಳು_ಓದುಗ

ಮುಂದೆ ಹುಡುಕಿಕೊಂಡು ಬರುವವರಿಗಾಗಿ ಸೇರಿಸುತ್ತೇನೆ. ಲ್ಯಾಪ್‌ಟಾಪ್ ತಯಾರಕರ ಸ್ವಂತ ಆ್ಯಪ್‌ಗಳಲ್ಲೂ ಹಳದಿ ಅಡಗಿರುತ್ತದೆ. ಲೆನೊವೊ ವಾಂಟೇಜ್‌ನಲ್ಲಿ ಐ ಕೇರ್ ಮೋಡ್ ಇದೆ, ಏಸಸ್‌ನ ಸ್ಪ್ಲೆಂಡಿಡ್‌ನಲ್ಲೂ ಐ ಕೇರ್ ಇದೆ. ಮ್ಯಾಕ್ ಇದ್ದವರು ನೈಟ್ ಶಿಫ್ಟ್ ಜೊತೆಗೆ ಟ್ರೂ ಟೋನ್ ಕೂಡ ನೋಡಬೇಕು, ಅದು ಕೋಣೆಯ ಬೆಳಕಿಗೆ ತಕ್ಕಂತೆ ಬಿಳಿಯನ್ನೇ ಬದಲಿಸುತ್ತದೆ. ನೈಟ್ ಲೈಟ್ ಆಫ್ ಇದ್ದರೂ ಇವು ತಮ್ಮ ಪಾಡಿಗೆ ಕೆಲಸ ಮಾಡುತ್ತಿರುತ್ತವೆ.

ನೆನಪಿನ_ಪೆಟ್ಟಿಗೆ

ಆಯಿತು. ಆಯಿತು! ಪಟ್ಟಿಯಲ್ಲಿ ಪ್ರೊಫೈಲ್ ಇತ್ತು, ಕಡತದ ಹೆಸರಿನಲ್ಲೇ ಮೂರು ವರ್ಷ ಹಿಂದಿನ ದಿನಾಂಕ ಮತ್ತು 5000 ಎಂಬ ಅಂಕಿ ಇದ್ದವು. ತೆಗೆದು ಮರುಪ್ರಾರಂಭಿಸಿದೆ. ನಾಲ್ಕು ಸೆಕೆಂಡ್ ಕಾದೆ, ಹತ್ತು ಸೆಕೆಂಡ್ ಕಾದೆ, ಹಳದಿ ಬರಲಿಲ್ಲ. ಹಾಳೆ ಮತ್ತು ಪರದೆ ಈಗ ಒಂದೇ.

ಆದರೆ ಈಗ ನನ್ನ ಕಣ್ಣಿಗೆ ಎಲ್ಲವೂ ನೀಲಿ ನೀಲಿಯಾಗಿ, ತಣ್ಣಗೆ ಕಾಣುತ್ತಿದೆ. ಇದು ಸರಿಯೇ?

ಕನ್ನಡಕಧಾರಿ

ನನ್ನ ತಂದೆಯ ಬಲಗಣ್ಣಿನ ಕಥೆಯೇ ಇದು. ಎರಡು ದಿನ ಕೊಡಿ, ಕಣ್ಣು ಒಗ್ಗುತ್ತದೆ. ಆ ಎರಡು ದಿನ ಯಾವ ಫೋಟೋವನ್ನೂ ತಿದ್ದಬೇಡಿ.

ಬಣ್ಣದ_ಲೆಕ್ಕ

ತಿದ್ದುವಾಗ ಕಣ್ಣಿನ ಜೊತೆ ಅಂಕಿಯನ್ನೂ ನೋಡಿ. ಐಡ್ರಾಪರ್ ಎಂಬ ಪುಟ್ಟ ಪಿಪೆಟ್ ಗುರುತಿನ ಸಾಧನ ಫೋಟೋ ತಿದ್ದುವ ಹೆಚ್ಚಿನ ತಂತ್ರಾಂಶಗಳಲ್ಲಿ ಇದೆ. ಫೋಟೋದಲ್ಲಿ ಬಿಳಿ ಅಥವಾ ಬೂದು ಎಂದು ನಿಮಗೆ ಖಾತ್ರಿ ಇರುವ ಜಾಗದ ಮೇಲೆ ಇಡಿ. ಕೆಂಪು, ಹಸಿರು, ನೀಲಿ ಮೂರೂ ಹೆಚ್ಚುಕಡಿಮೆ ಸಮ ಇದ್ದರೆ ಸರಿ. 225, 230, 250 ಎಂದು ಬಂದರೆ ನೀಲಿ ಹೆಚ್ಚಾಗಿದೆ, ಪರದೆಯ ಮೇಲೆ ಎಷ್ಟೇ ಚೆನ್ನಾಗಿ ಕಾಣಲಿ. ಅಂಕಿಗೆ ಕಾಮಾಲೆ ಬರುವುದಿಲ್ಲ. ಮೂಲ ಸ್ಕ್ಯಾನ್‌ಗಳು ಇವೆ ತಾನೆ?

ನೆನಪಿನ_ಪೆಟ್ಟಿಗೆ

ಇವೆ, 62 ಕೂಡ ಟಿಫ್ ಕಡತಗಳಾಗಿ ಬೇರೆ ಡಿಸ್ಕಿನಲ್ಲಿವೆ. ತಿದ್ದಿದ ಅಂಗಿಯ ಮೇಲೆ ಇಟ್ಟು ನೋಡಿದೆ, ನೀಲಿ 28 ಹೆಚ್ಚಿದೆ. ಮೊದಲಿನಿಂದ ಮಾಡುತ್ತೇನೆ.

ಮಧ್ಯಾಹ್ನದ_ಮಳೆ

ನನ್ನದು ಇಡೀ ಪರದೆ ಅಲ್ಲ, ಕೆಳಗಿನ ಅಂಚಿನಲ್ಲಿ ಮಾತ್ರ ಎರಡು ಬೆರಳಗಲ ಹಳದಿ ಪಟ್ಟಿ. ಬಯೋಸ್‌ನಲ್ಲೂ ಇದೆ. ಪ್ರೊಫೈಲ್ ಬದಲಿಸಿದರೆ ಹೋಗುತ್ತದೆಯೇ?

ತಂತಿ_ಬೆಸುಗೆ

ಹೋಗುವುದಿಲ್ಲ. ಪ್ರೊಫೈಲ್ ಇಡೀ ಪರದೆಯನ್ನು ಸಮನಾಗಿ ಬದಲಿಸುತ್ತದೆ, ಒಂದು ಪಟ್ಟಿಯನ್ನು ಮಾತ್ರ ಬದಲಿಸಲಾರದು. ಸಾಮಾನ್ಯವಾಗಿ ಎಲ್‌ಇಡಿ ಸಾಲು ಕೆಳ ಅಂಚಿನಲ್ಲಿರುತ್ತದೆ, ಯಂತ್ರದ ಬಿಸಿಗಾಳಿಯೂ ಬಹಳ ಮಾದರಿಗಳಲ್ಲಿ ಅಲ್ಲಿಗೇ ಬಡಿಯುತ್ತದೆ. ಆ ಕಾವಿಗೆ ಒಳಗಿನ ಬೆಳಕು ಹರಡುವ ಹಾಳೆಗಳು ಹಳದಿಯಾಗುತ್ತವೆ. ಇದಕ್ಕೆ ಪ್ಯಾನೆಲ್ ಬದಲಾವಣೆಯೇ ಮದ್ದು. ಮೊದಲು ತಲೆ ಮೇಲೆ ಕೆಳಗೆ ಮಾಡಿ ನೋಡಿ, ಟಿಎನ್ ಎಂಬ ಅಗ್ಗದ ಬಗೆಯ ಪ್ಯಾನೆಲ್ ಆದರೆ ನೋಡುವ ಕೋನದಿಂದಲೂ ಬಣ್ಣ ಓರೆಯಾಗುತ್ತದೆ. ಕೋನ ಬದಲಾದರೂ ಪಟ್ಟಿ ಅಲ್ಲೇ ಇದ್ದರೆ ಬದಲಿಸಿ.

ಮಧ್ಯಾಹ್ನದ_ಮಳೆ

ಅಲ್ಲೇ ಇದೆ. ಬದಲಿಸುತ್ತೇನೆ, ಧನ್ಯವಾದ.

ನೆನಪಿನ_ಪೆಟ್ಟಿಗೆ

ಹನ್ನೆರಡು ದಿನಗಳ ನಂತರ ಬಂದಿದ್ದೇನೆ. 20 ಫೋಟೋ ಹೊಸದಾಗಿ ತಿದ್ದಿ ಮುದ್ರಿಸಿ ತಂದೆ. ಮುಖಗಳು ಮುಖದ ಬಣ್ಣದಲ್ಲಿವೆ. ಮುದ್ರಿಸಿದವರ ಬಳಿ ಹೋಗಿ ಹಿಂದಿನ ಸಲ ಒರಟಾಗಿ ಮಾತಾಡಿದ್ದಕ್ಕೆ ಕ್ಷಮೆ ಕೇಳಿದೆ.

ಒಂದೇ ತೊಡಕು. ಶಾಲೆಯ ಫೋಟೋದ ಅಂಗಿಯ ಮೇಲೆ ಐಡ್ರಾಪರ್ ಇಟ್ಟು ಮೂರೂ ಅಂಕಿ ಸಮ ಮಾಡಿದ್ದೆ. ಅಮ್ಮ ಫೋಟೋ ಹಿಡಿದು ಬಹಳ ಹೊತ್ತು ನೋಡಿ, “ಎಲ್ಲ ಚೆನ್ನಾಗಿದೆ, ಆದರೆ ಆ ಅಂಗಿ ಬಿಳಿ ಅಲ್ಲವಲ್ಲ, ತಿಳಿ ಹಳದಿ, ಅಕ್ಕನದು ನನಗೆ ಬಂದದ್ದು” ಎಂದಳು. ಈಗ ಆ ಫೋಟೋದಲ್ಲಿ ಯಾವುದನ್ನು ಬಿಳಿ ಎಂದು ಹಿಡಿಯಲಿ? ಕಾಗದದ ಅಂಚೂ ಹಳದಿಯಾಗಿದೆ.

ಬಣ್ಣದ_ಲೆಕ್ಕ

ಅಂಚನ್ನು ನಂಬಬೇಡಿ. ಬಣ್ಣದ ಹಳೆಯ ಪ್ರಿಂಟ್ ಆದ್ದರಿಂದ ಬಣ್ಣಗಳೂ ಸಮನಾಗಿ ಮಾಸಿರುವುದಿಲ್ಲ, ಕತ್ತಲಲ್ಲಿ ಇಟ್ಟವುಗಳಲ್ಲಿ ಸಾಮಾನ್ಯವಾಗಿ ಸಯಾನ್ (ಹಸಿರು ಬೆರೆತ ನೀಲಿ) ಮೊದಲು ಹೋಗಿ ಚಿತ್ರ ಕೆಂಪಿಗೆ ತಿರುಗುತ್ತದೆ. ಹಿನ್ನೆಲೆಯಲ್ಲಿ ಸಿಮೆಂಟಿನ ನೆಲ, ಕಪ್ಪು ಹಲಗೆ, ತೆರೆದ ಪುಸ್ತಕ, ಏನಾದರೂ ಇದೆಯೇ?

ನೆನಪಿನ_ಪೆಟ್ಟಿಗೆ

ಕೈಯಲ್ಲಿ ಒಂದು ಸ್ಲೇಟು ಹಿಡಿದಿದ್ದಾಳೆ.

ಬಣ್ಣದ_ಲೆಕ್ಕ

ಸ್ಲೇಟನ್ನೇ ಹಿಡಿಯಿರಿ. ಬಳಪದ ಗೆರೆಯ ಮೇಲಲ್ಲ, ಗೆರೆ ಒರೆಸಿ ಬೂದಾಗಿರುವ ಜಾಗದ ಮೇಲೆ ಇಡಿ. ಅಲ್ಲಿ ಮೂರನ್ನೂ ಸಮ ಮಾಡಿದ ಮೇಲೆ ಅಂಗಿಯಲ್ಲಿ ನೀಲಿ ಉಳಿದೆರಡಕ್ಕಿಂತ ಕಡಿಮೆ ಬಂದರೆ ಅಮ್ಮ ಹೇಳಿದ ಬಣ್ಣ ಮರಳಿತು ಎಂದು ತಿಳಿಯಿರಿ.